ಮುಖಪುಟ ಬರೆಯುವವಳ ಅಕ್ಷರಾಭ್ಯಾಸ

"ನೀವು ಏನು ಕೆಲಸ ಮಾಡುತ್ತೀರಿ?" ಎಂದು ವಾಕಡದಲ್ಲಿ ಯಾರಾದರೂ ಕೇಳಿದರೆ ಉತ್ತರಿಸುವುದು ನನಗೆ ಸ್ವಲ್ಪ ಕಷ್ಟವೇ. ಪಕ್ಕದಲ್ಲೇ ಹಿಂಜವಡಿಯ ಐ.ಟಿ. ಪಾರ್ಕ್ ಇರುವಾಗ, ಇಲ್ಲಿನ ಫ್ಲ್ಯಾಟುಗಳಲ್ಲಿ ಇರುವವರೆಲ್ಲ ಬೆಳಿಗ್ಗೆ ಕಂಪನಿಯ ಬಸ್ಸು ಹತ್ತುವವರೆಂದೇ ಜನರ ಲೆಕ್ಕ. ನಾನು ಮಾತ್ರ ಬಾಲ್ಕನಿಯ ಮೂಲೆಯಲ್ಲಿ ಮೇಜು ಹಾಕಿಕೊಂಡು ಪುಸ್ತಕಗಳಿಗೆ ಮುಖಪುಟ ಬರೆಯುತ್ತೇನೆ. ಯಾವ ಪ್ರಕಾಶಕರ ಸಂಬಳದ ಪಟ್ಟಿಯಲ್ಲೂ ನನ್ನ ಹೆಸರಿಲ್ಲ. ಪುಸ್ತಕಕ್ಕೆ ಇಷ್ಟು ಎಂದು ಸಂಭಾವನೆ. "ನಮ್ಮ ಹುಡುಗರಿಗೆ ಈ ಕೆಲಸದ ಬಗ್ಗೆ ಒಂದಿಷ್ಟು ಬರದುಕೊಡವಾ" ಎಂದು ಸಂಘದ ಹಿರಿಯರೊಬ್ಬರು ಕೇಳಿದಾಗ, ಎಲ್ಲಿಂದ ಆರಂಭಿಸಲಿ ಎಂದು ಬಹಳ ಯೋಚಿಸಿದೆ. ಕೊನೆಗೆ ನನ್ನ ತಪ್ಪಿನಿಂದಲೇ ಆರಂಭಿಸುವುದು ಒಳ್ಳೆಯದೆನ್ನಿಸಿತು.

ತುಂಡಾದ ಅಜ್ಜ

ನಾನೂ ನಿಮ್ಮ ಹಾಗೆಯೇ. ಅಪ್ಪ ಪಿಂಪ್ರಿಯ ಕಾರ್ಖಾನೆಯ ಕೆಲಸಕ್ಕೆಂದು ಧಾರವಾಡದಿಂದ ಬಂದವರು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್. ಕನ್ನಡ ಮಾತನಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಅದೊಂದು ಕೊರತೆಯೆಂದು ನನಗೆ ಅನ್ನಿಸಿಯೂ ಇರಲಿಲ್ಲ. ಚಿತ್ರಕಲೆ ಕಲಿತ ಮೇಲೆ ಮರಾಠಿ ಪುಸ್ತಕಗಳಿಗೆ ಮುಖಪುಟ ಬರೆಯತೊಡಗಿದೆ. ಅಪ್ಪಾ ಬಳವಂತ ಚೌಕದ ಪುಸ್ತಕದಂಗಡಿಗಳಲ್ಲಿ ನಾನು ಬರೆದ ಚಿತ್ರ ಕಂಡಾಗ ಆಗುತ್ತಿದ್ದ ಸಂತೋಷ ಅಷ್ಟಿಷ್ಟಲ್ಲ.

2013ರಲ್ಲಿ ಮೊದಲ ಸಲ ಒಂದು ಕನ್ನಡ ಕಥಾಸಂಕಲನದ ಕೆಲಸ ಬಂತು. ಹೆಸರಿನಲ್ಲಿ 'ಅಜ್ಜ' ಎಂಬ ಪದವಿತ್ತು. ಪ್ರಕಾಶಕರು ಇ-ಮೇಲಿನಲ್ಲಿ ಕಳಿಸಿದ ಹೆಸರನ್ನು ಹಾಗೆಯೇ ಎತ್ತಿ ಚಿತ್ರದ ಮೇಲೆ ಕೂರಿಸಿ, ಕಡತವನ್ನು ನೇರವಾಗಿ ಮುದ್ರಣಾಲಯಕ್ಕೆ ಕಳಿಸಿಬಿಟ್ಟೆ. ಸಾವಿರ ಮುಖಪುಟ ಅಚ್ಚಾದವು. ಒಂದು ಪ್ರತಿಯನ್ನು ಹೆಮ್ಮೆಯಿಂದ ಧಾರವಾಡಕ್ಕೆ ಒಯ್ದು ಅಜ್ಜನ ಕೈಗಿತ್ತೆ. ಅವರು ಕನ್ನಡಕ ಏರಿಸಿಕೊಂಡು ನೋಡಿದರು.

"ಚಿತ್ರ ಛಲೋ ಬಂದೈತಿ. ಆದ್ರ ಅಜ್ಜನ್ನ ಯಾಕ ತುಂಡ ಮಾಡೀಯವಾ?"

ಜಕಾರದ ಕೆಳಗೆ ಇಳಿಯಬೇಕಾದ ಒತ್ತು ಅಲ್ಲಿರಲಿಲ್ಲ. ಒಂದು ಜ, ಅದರ ಪಕ್ಕ ಇನ್ನೊಂದು ಜ, ನಡುವೆ ಒಂದು ಕೊಕ್ಕೆ! ಕಾರಣ ಬಹಳ ಸರಳ. ಯುನಿಕೋಡ್‌ನಲ್ಲಿ 'ಜ್ಜ' ಎಂಬುದಕ್ಕೆ ಪ್ರತ್ಯೇಕ ಸಂಕೇತವಿಲ್ಲ. ಜ, ಅರ್ಧಾಕ್ಷರದ ಚಿಹ್ನೆ, ಮತ್ತೆ ಜ ಎಂಬ ಮೂರು ಸಂಕೇತಗಳನ್ನು ತಂತ್ರಾಂಶವೇ ಕೂಡಿಸಬೇಕು. ಪುಟ ವಿನ್ಯಾಸದ ತಂತ್ರಾಂಶದಲ್ಲಿ ಭಾರತೀಯ ಲಿಪಿಗಳಿಗೆ ಬೇಕಾದ ವ್ಯವಸ್ಥೆಯನ್ನು ನಾನು ಆರಿಸಿಕೊಂಡಿರಲಿಲ್ಲ. ಕನ್ನಡ ಓದಬಲ್ಲ ಚಿಕ್ಕ ಮಗುವೂ ಆ ತಪ್ಪನ್ನು ಹಿಡಿಯುತ್ತಿತ್ತು. ನನಗದು ಒಂದು ಚಂದದ ಆಕಾರವಾಗಿ ಕಂಡಿತ್ತು, ಅಷ್ಟೆ.

ಮುಖಪುಟಗಳನ್ನು ಹೊಸದಾಗಿ ಅಚ್ಚು ಹಾಕಬೇಕಾಯಿತು. ನಾನು ಸಂಭಾವನೆ ಬಿಟ್ಟುಕೊಟ್ಟೆ. ಆ ರಜೆಯಲ್ಲಿ ಅಜ್ಜ ಒಂದು ನೂರು ಪುಟದ ನೋಟುಬುಕ್ಕು ತರಿಸಿ, ಇಪ್ಪತ್ತನಾಲ್ಕು ವರ್ಷದ ಮೊಮ್ಮಗಳಿಗೆ ಅ ಆ ಇ ಈ ತಿದ್ದಿಸಿದರು.

ಮೊದಲು ಓದು, ಆಮೇಲೆ ಕುಂಚ

ಮುಖಪುಟದ ಕೆಲಸದಲ್ಲಿ ಬಹುಪಾಲು ಓದುವುದೇ ಎಂದರೆ ನೀವು ನಂಬಲಿಕ್ಕಿಲ್ಲ. ಕೆಲವು ವರ್ಷಗಳ ನಂತರ ಆಲಮಟ್ಟಿ ಹಿನ್ನೀರಿನಲ್ಲಿ ಊರು ಕಳೆದುಕೊಂಡ ಮನೆತನದ ಕಾದಂಬರಿಯೊಂದು ನನ್ನ ಬಳಿ ಬಂತು. "ಮುಳುಗಡೆಯ ಕಥೆ" ಎಂದು ಎರಡೇ ಪದಗಳಲ್ಲಿ ಸಾರಾಂಶ ಹೇಳಿದ್ದರು. ಅಷ್ಟನ್ನೇ ನಂಬಿದ್ದರೆ ನೀರು, ನೀರಿನಿಂದ ತಲೆ ಎತ್ತಿದ ಗುಡಿಯ ಶಿಖರ ಬರೆದು ಮುಗಿಸುತ್ತಿದ್ದೆ. ಅಂಥ ಚಿತ್ರ ಎಲ್ಲರಿಗೂ ಹೊಳೆಯುತ್ತದೆ. ಆದರೆ ಹಸ್ತಪ್ರತಿಯನ್ನು ನಿಧಾನವಾಗಿ, ಬೆರಳಿಟ್ಟುಕೊಂಡು ಓದಿದೆ. ಊರು ಬಿಡುವ ದಿನ ಆ ಮನೆಯವರು ತಲೆಬಾಗಿಲ ಚೌಕಟ್ಟನ್ನು ಕಿತ್ತು ಚಕ್ಕಡಿಯಲ್ಲಿ ಹೇರಿಕೊಂಡು ಹೋಗುವ ಸಂಗತಿ ಅದರಲ್ಲಿತ್ತು. ಬಯಲಿನಲ್ಲಿ ಒಂಟಿಯಾಗಿ ನಿಂತ ಬಾಗಿಲ ಚೌಕಟ್ಟನ್ನಷ್ಟೇ ಬರೆದೆ. ನೀರು ಎಲ್ಲಿಯೂ ಇರಲಿಲ್ಲ. ಲೇಖಕರು ಫೋನು ಮಾಡಿ ಬಹಳ ಹೊತ್ತು ಸುಮ್ಮನಿದ್ದು, "ಅದು ನಮ್ಮ ಮನೀದ ಬಾಗಲಾ ರೀ" ಎಂದರು.

ಓದಿದ ಮೇಲೆ ಬೆಂಕಿಪೆಟ್ಟಿಗೆಯಷ್ಟು ಚಿಕ್ಕ ಚೌಕಗಳಲ್ಲಿ ಹತ್ತು ಹನ್ನೆರಡು ಕರಡುಗಳನ್ನು ಪೆನ್ಸಿಲಿನಿಂದ ಗೀಚುತ್ತೇನೆ. ಅಷ್ಟು ಸಣ್ಣದರಲ್ಲಿ ಕಣ್ಣಿಗೆ ಹಿಡಿಸದ ಚಿತ್ರ ದೊಡ್ಡದಾದಾಗಲೂ ಹಿಡಿಸುವುದಿಲ್ಲ. ಅವುಗಳಲ್ಲಿ ಎರಡನ್ನೋ ಮೂರನ್ನೋ ಬೆಳೆಸಿ ಪ್ರಕಾಶಕರಿಗೆ ತೋರಿಸುವುದು, ಒಪ್ಪಿದ ಮೇಲೆ ಬಣ್ಣ.

ಅಕ್ಷರವೂ ಚಿತ್ರವೇ

ಮರಾಠಿಯ ದೇವನಾಗರಿ ಅಕ್ಷರಗಳು ಮೇಲಿನ ಗೆರೆಯಿಂದ ತೂಗಾಡುತ್ತವೆ, ಹಗ್ಗಕ್ಕೆ ಒಣಹಾಕಿದ ಬಟ್ಟೆಯಂತೆ. ಕನ್ನಡದ ಅಕ್ಷರಗಳು ದುಂಡಗೆ, ಒಂದೊಂದೂ ತನ್ನ ತಲೆಕಟ್ಟು ಹೊತ್ತು ಬೇರೆಬೇರೆ ಕೂತಿರುತ್ತವೆ. ಒತ್ತುಗಳು ಕೆಳಗಿಳಿಯುವುದರಿಂದ ಎರಡು ಸಾಲುಗಳ ನಡುವೆ ಹೆಚ್ಚು ಜಾಗ ಬೇಕು. ಇಲ್ಲವಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ಆದ್ದರಿಂದ ಈಗ ಹೆಸರನ್ನು ಆದಷ್ಟೂ ಕೈಯಿಂದಲೇ ಬರೆಯುತ್ತೇನೆ.

ಇನ್ನು ಪುಸ್ತಕದ ಬೆನ್ನಿನ ಲೆಕ್ಕ. ಇನ್ನೂರು ಪುಟವೆಂದರೆ ನೂರು ಹಾಳೆ. ಒಂದು ಹಾಳೆ ಸುಮಾರು 0.1 ಮಿ.ಮೀ. ದಪ್ಪವಿದ್ದರೆ ಬೆನ್ನು 10 ಮಿ.ಮೀ. ಇದು ತಪ್ಪಿದರೆ ಬೆನ್ನಿನ ಮೇಲಿನ ಹೆಸರು ಮುಂದಕ್ಕೋ ಹಿಂದಕ್ಕೋ ಜಾರುತ್ತದೆ. ಕತ್ತರಿಸುವಾಗ ಬಿಳಿ ಅಂಚು ಉಳಿಯದಂತೆ ಸುತ್ತಲೂ 3 ಮಿ.ಮೀ. ಹೆಚ್ಚುವರಿ ಬಣ್ಣ ಬಿಡಬೇಕು. ಈ ಕೆಲಸಕ್ಕೆ ಬರಬಯಸುವವರಿಗೆ ಒಂದು ಕಿವಿಮಾತು: ಸಂಭಾವನೆ ಎಷ್ಟು, ಎಷ್ಟು ಸಲ ತಿದ್ದಿಕೊಡಬೇಕು ಎಂಬುದನ್ನು ಮೊದಲೇ ಬರವಣಿಗೆಯಲ್ಲಿ ಮಾಡಿಕೊಳ್ಳಿ. ಸಂಕೋಚಪಟ್ಟರೆ ನಷ್ಟ ನಿಮ್ಮದೇ.

ದಾರಿ ಹಾಕಿದವರು

ನಾವಿರುವ ಈ ನೆಲದಲ್ಲಿ ದೀನಾನಾಥ ದಲಾಲರ ಹೆಸರು ಕೇಳದ ಚಿತ್ರಕಾರರಿಲ್ಲ. ಗೋವೆಯಲ್ಲಿ ಹುಟ್ಟಿದ ಅವರು 1945ರಲ್ಲಿ 'ದೀಪಾವಳಿ' ವಿಶೇಷಾಂಕವನ್ನು ಆರಂಭಿಸಿ, ಮರಾಠಿ ಪುಸ್ತಕಗಳ ಮುಖಕ್ಕೆ ಬಣ್ಣ ತುಂಬಿದವರು. ನಮ್ಮ ಕನ್ನಡವೇನೂ ಬಡವಾಗಿಲ್ಲ. ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿಯವರು 'ಹಸುರು ಹೊನ್ನು' ಕೃತಿಗೆ ತಾವೇ ಚಿತ್ರ ಬರೆದರು. ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪುತ್ತೂರಿನ ಚಂದ್ರನಾಥ ಆಚಾರ್ಯರು ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಕಲಿತು, ಪತ್ರಿಕೆಗಳ ಕಥೆಗಳಿಗೂ ಪುಸ್ತಕಗಳಿಗೂ ಚಿತ್ರ ಬರೆದು ಹೆಸರಾದರು. ಇತ್ತೀಚಿನ ದಶಕಗಳಲ್ಲಿ ಕವಿಯೂ ಆದ ಅಪಾರ ಅವರು ಮಾಡಿದ ಮುಖಪುಟಗಳನ್ನು ದೂರದಿಂದಲೇ ಗುರುತಿಸಬಹುದು. ಕನ್ನಡ ಪುಸ್ತಕ ಪ್ರಾಧಿಕಾರವು 'ಪುಸ್ತಕ ಸೊಗಸು' ಬಹುಮಾನಗಳ ಜೊತೆಗೆ ಮುಖಪುಟ ಚಿತ್ರಕ್ಕೂ ಬಹುಮಾನ ಕೊಡುತ್ತದೆ. ಇವರೆಲ್ಲರ ಕೈಚಳಕದ ಹಿಂದೆ ಇದ್ದದ್ದು ಆ ಭಾಷೆಯ ಒಳ್ಳೆಯ ಓದು ಎಂಬುದನ್ನು ನಾನು ತಡವಾಗಿ ಅರಿತೆ.

"ಕನ್ನಡ ಓದಲು ಕಲಿಯಿರಿ, ಅದು ನಿಮ್ಮ ಕರ್ತವ್ಯ" ಎಂದು ಹಿರಿಯರು ಹೇಳಿದಾಗ ನಿಮಗೆ ಬೇಸರವಾಗುತ್ತದೆ. ನನಗೂ ಆಗುತ್ತಿತ್ತು. ನಾನು ಕರ್ತವ್ಯದ ಮಾತಾಡುವುದಿಲ್ಲ. ಓದಲು ಬಾರದಿದ್ದರೆ ಒಡೆದದ್ದು ಒಡೆದಿದೆ ಎಂದು ಕೂಡ ನಮಗೆ ತಿಳಿಯುವುದಿಲ್ಲ. ನನ್ನ ಅನುಭವ ಇಷ್ಟೇ. ವಾಕಡದ ಪಕ್ಕದಲ್ಲೇ ಹಾದುಹೋಗುವ ಹೆದ್ದಾರಿ ನಿಪ್ಪಾಣಿ, ಬೆಳಗಾವಿ, ಧಾರವಾಡಗಳನ್ನು ಮುಟ್ಟುತ್ತದೆ. ದಾರಿಯ ಪಕ್ಕದ ಕನ್ನಡ ಫಲಕಗಳನ್ನು ಈಗ ಒಂದೂ ಬಿಡದೆ ಓದುತ್ತ ಹೋಗುತ್ತೇನೆ.

ಅಜ್ಜ ಈಗಿಲ್ಲ. ಆ ನೋಟುಬುಕ್ಕು ನನ್ನ ಮೇಜಿನ ಮೇಲಿದೆ. ಅದರ ಒಂದು ಪುಟದ ತುಂಬ ನಾನು ತಿದ್ದಿದ್ದು ಒಂದೇ ಪದ, 'ಅಜ್ಜ'. ಕೊನೆಯ ಸಾಲಿನ ಪಕ್ಕದಲ್ಲಿ ಅವರ ಕೈಬರಹದಲ್ಲಿ "ಈಗ ಸರಿ ಆತು" ಎಂದಿದೆ. ಮುಂದಿನ ಸಲ ಕನ್ನಡ ಪುಸ್ತಕವೊಂದನ್ನು ಕೈಗೆತ್ತಿಕೊಂಡಾಗ ಮೊದಲ ಹಾಳೆ ತಿರುವಿ, 'ಮುಖಪುಟ' ಎಂಬುದರ ಮುಂದೆ ಯಾರ ಹೆಸರಿದೆ ಎಂದು ಓದಿ ನೋಡಿ. ಓದಲು ಬಾರದಿದ್ದರೆ ಮನೆಯಲ್ಲಿ ಅಜ್ಜ ಅಜ್ಜಿಯರನ್ನು ಕೇಳಿ. ಅವರು ಹೆಸರಷ್ಟೇ ಹೇಳಿ ಸುಮ್ಮನಾಗುವುದಿಲ್ಲ, ನೋಡುತ್ತಿರಿ.