ಕಿಟಕಿ ಪಕ್ಕದ ಸೀಟು: ಎಡವೋ ಬಲವೋ?

ದುಬೈಯಲ್ಲಿರುವ ಪತಿಯ ಬಳಿಗೆ ಮಕ್ಕಳೊಂದಿಗೆ ಹೊರಟಿದ್ದೀರಿ. ಉಪ್ಪಿನಕಾಯಿ, ಹಪ್ಪಳ, ಒಣ ಮೀನು ಎಲ್ಲ ಕಟ್ಟಿಯಾಗಿದೆ. ಪೆಟ್ಟಿಗೆಯ ತೂಕವನ್ನು ಹತ್ತು ಸಲ ನೋಡಿದ್ದೀರಿ. ಆದರೆ ವಿಮಾನದಲ್ಲಿ ಯಾವ ಸೀಟು ಬೇಕೆಂದು ಯೋಚಿಸಿದ್ದೀರಾ? ನಮ್ಮಲ್ಲಿ ಹೆಚ್ಚಿನವರು ಕೌಂಟರಿನಲ್ಲಿ ಕೊಟ್ಟದ್ದನ್ನು ತೆಗೆದುಕೊಳ್ಳುತ್ತಾರೆ. ಒಳಗೆ ಹೋದ ಮೇಲೆ ಕಿಟಕಿ ಮಗನಿಗೆ, ನಡುವಿನದು ಮಗಳಿಗೆ, ನಡೆದಾಡುವ ದಾರಿಯ ಬದಿಯದು ತಾಯಿಗೆ. ಹೀಗಾಗಿ ಹಲವು ಸಲ ಅರಬ್ಬಿ ಸಮುದ್ರ ದಾಟಿಯೂ ಅದನ್ನು ಒಮ್ಮೆಯೂ ಮೇಲಿನಿಂದ ನೋಡದ ಸಹೋದರಿಯರು ಎಷ್ಟೋ ಮಂದಿಯಿದ್ದಾರೆ.

ಮಂಗಳೂರಿನಿಂದ ದುಬೈ ವಾಯವ್ಯ ದಿಕ್ಕಿನಲ್ಲಿದೆ. ಆದ್ದರಿಂದ ಹೋಗುವಾಗ ನಮ್ಮ ಕರಾವಳಿ ನಿಮ್ಮ ಬಲಬದಿಗೆ ಬರುತ್ತದೆ. ಆಕಾಶ ತಿಳಿಯಾಗಿದ್ದರೆ ಸುರತ್ಕಲ್, ಮಲ್ಪೆ ಕಡೆಯ ಬಿಳಿ ಮರಳಿನ ಅಂಚು ಕಾಣಬಹುದು. ಮರಳಿ ಬರುವಾಗ ಅದೇ ಕರಾವಳಿ ಎಡಕ್ಕಿರುತ್ತದೆ. ಗಾಳಿಗೆ ಎದುರಾಗಿ ಏರುವುದು ವಿಮಾನದ ಕ್ರಮ. ಅದು ಸಮುದ್ರದ ಕಡೆಗೆ ಏರಿದರೆ, ಮೊದಲ ಒಂದೆರಡು ನಿಮಿಷ ಮಂಗಳೂರು ನಗರ ಮತ್ತು ನದಿಗಳು ಎಡಬದಿಯವರ ಪಾಲಿಗೆ.

ಸಂಜೆಯ ವಿಮಾನವಾದರೆ ಲೆಕ್ಕ ಬೇರೆ. ಹೋಗುವಾಗ ಸೂರ್ಯ ಮುಳುಗುವುದು ಎಡಬದಿಯಲ್ಲಿ. ನೀವು ಸೂರ್ಯನ ಹಿಂದೆಯೇ ಹಾರುವುದರಿಂದ ಆ ಕೆಂಪು ನೆಲದಲ್ಲಿ ಕಾಣುವುದಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತದೆ. ಮಧ್ಯಾಹ್ನದ ಬಿಸಿಲು ಕಣ್ಣಿಗೆ ಹೊಡೆಯುವುದು ಬೇಡವೆಂದಾದರೆ ಬಲಬದಿಯೇ ಸರಿ. ರಾತ್ರಿಯಾದರೆ ಕೆಳಗೆ ಚುಕ್ಕಿ ಚುಕ್ಕಿಯಾಗಿ ದೀಪಗಳು ಕಂಡಾವು. ಅವು ಮೀನುಗಾರರ ದೋಣಿಗಳು. ಜೂನ್ ಮತ್ತು ಜುಲೈಯಲ್ಲಿ ಯಾಂತ್ರಿಕ ದೋಣಿಗಳಿಗೆ 61 ದಿನ ನಿಷೇಧವಿರುವುದರಿಂದ ಆಗ ಕಡಲು ಕತ್ತಲೆ. ಮಳೆಗಾಲದ ಹಗಲಿನಲ್ಲೂ ಮೋಡವಲ್ಲದೆ ಬೇರೇನೂ ಕಾಣದು.

ಈ ದಾರಿಯಲ್ಲಿ ಹಾರುವ ಬೋಯಿಂಗ್ 737 ವಿಮಾನದಲ್ಲಿ ಒಂದು ಸಾಲಿಗೆ ಆರು ಸೀಟು. ಎಡದ ಕಿಟಕಿ ‘ಎ’, ಬಲದ ಕಿಟಕಿ ‘ಎಫ್’. ನಡುವಿನ ಸಾಲುಗಳಲ್ಲಿ ಕುಳಿತರೆ ರೆಕ್ಕೆ ಮಾತ್ರ ಕಾಣುತ್ತದೆ. ಮುಂದಿನ ಅಥವಾ ತೀರಾ ಹಿಂದಿನ ಸಾಲು ಕೇಳಿ. ರೆಕ್ಕೆಗಿಂತ ತುಸು ಮುಂದೆ ಹವಾನಿಯಂತ್ರಣದ ಕೊಳವೆ ಗೋಡೆಯೊಳಗೆ ಹಾದುಹೋಗುವ ಕಡೆ ಕಿಟಕಿಯೇ ಇಲ್ಲದ ‘ಕಿಟಕಿ ಸೀಟು’ ಕೂಡಾ ಇದೆ! ಸೀಟು ಆರಿಸಲು ಹಣ ಕೇಳುವುದುಂಟು. ಕೊಡಲು ಮನಸ್ಸಿಲ್ಲವಾದರೆ ಬೇಗ ಹೋಗಿ ಕೌಂಟರಿನಲ್ಲಿ ವಿನಯದಿಂದ ಕೇಳಿ ನೋಡಿ.

ಕಿಟಕಿಯ ಕೆಳಭಾಗದಲ್ಲಿರುವ ಸಣ್ಣ ತೂತನ್ನು ಮಕ್ಕಳಿಗೆ ತೋರಿಸಿ. ಗಾಜಿನ ಪದರಗಳ ನಡುವಿನ ಗಾಳಿಯ ಒತ್ತಡವನ್ನು ಸರಿದೂಗಿಸುವುದು ಅದರ ಕೆಲಸ. ಗಾಜು ಮಂಜಾಗದಂತೆಯೂ ಅದು ನೋಡಿಕೊಳ್ಳುತ್ತದೆ.

ಎಲ್ಲರಿಗೂ ಕಿಟಕಿ ಹಿತವಲ್ಲ ಎಂಬುದೂ ನೆನಪಿರಲಿ. ಗರ್ಭಿಣಿಯರಿಗೆ, ಮಂಡಿನೋವಿನ ಹಿರಿಯರಿಗೆ, ಪದೇ ಪದೇ ಶೌಚಾಲಯಕ್ಕೆ ಹೋಗಬೇಕಾದವರಿಗೆ ದಾರಿಯ ಬದಿಯ ಸೀಟೇ ಅನುಕೂಲ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಮಂಗಳೂರಿನಲ್ಲಿ ದುರಂತಕ್ಕೀಡಾಗಿ 158 ಮಂದಿ ಪ್ರಾಣ ಕಳಕೊಂಡರು. ಅದನ್ನು ಮರೆಯಲಾಗದೆ, ಇಳಿಯುವಾಗ ಹೊರಗೆ ನೋಡಲು ಅಂಜುವವರು ನಮ್ಮ ಮನೆಗಳಲ್ಲಿದ್ದಾರೆ. ಅವರನ್ನು ಒತ್ತಾಯಿಸಬೇಡಿ, ಗೇಲಿಯನ್ನಂತೂ ಮಾಡಲೇಬೇಡಿ. ಪಕ್ಕದಲ್ಲಿ ಕುಳಿತು ಕೈ ಹಿಡಿದುಕೊಳ್ಳಿ, ಸಾಕು.

ಆದರೆ ಆಸೆಯಿದ್ದೂ ಬಾಯಿಬಿಟ್ಟು ಹೇಳದ ತಾಯಂದಿರು ಇವರಿಗಿಂತ ಹೆಚ್ಚು. ಮುಂದಿನ ಸಲ ನಿಮ್ಮ ಉಮ್ಮ ಜೊತೆಗಿದ್ದರೆ, ಬೇಕೇ ಎಂದು ಕೇಳುತ್ತಾ ನಿಲ್ಲಬೇಡಿ. ಕೇಳಿದರೆ ‘ಮಕ್ಕಳು ಕೂರಲಿ’ ಎಂದೇ ಅವರು ಹೇಳುವುದು. ಮೊದಲೇ ಅವರ ಹೆಸರಿಗೆ ಕಿಟಕಿ ಸೀಟು ಆರಿಸಿಡಿ. ನೀವೂ ತಾಯಿಯೇ ತಾನೇ? ಹೋಗುವಾಗ ಮಕ್ಕಳಿಗೆ ಬಿಟ್ಟುಕೊಟ್ಟರೆ ಬರುವಾಗ ನೀವು ಕುಳಿತುಕೊಳ್ಳಿ. ಎಡಬದಿಯಲ್ಲಿ. ನಮ್ಮ ತೀರ ಅಲ್ಲಿಂದಲೇ ಕಾಣುವುದು.