ಊದುಬತ್ತಿ ಹೊಸೆಯುವ ಕೈ

ಮೈಸೂರೆಂದೊಡನೆ ನೆನಪಿಗೆ ಬರುವ ವಸ್ತುಗಳಲ್ಲಿ ಊದುಬತ್ತಿಯೂ ಒಂದು. ಮಲ್ಲಿಗೆ, ವೀಳೆಯದೆಲೆ, ರೇಷ್ಮೆಗಳಂತೆ ಅದೂ ಊರಿನ ಹೆಸರನ್ನು ಹೊತ್ತು ಪರಸ್ಥಳಗಳಿಗೆ ಹೋಗುತ್ತದೆ. 1948ರಲ್ಲಿ ಎನ್. ರಂಗರಾಯರು ಆರಂಭಿಸಿದ ಉದ್ಯಮವೂ ಸೇರಿದಂತೆ ಸಣ್ಣವೂ ದೊಡ್ಡವೂ ಆದ ಹಲವು ತಯಾರಿಕೆಗಳು ಈ ನಗರದಲ್ಲಿ ಬೆಳೆದಿವೆ. ‘ಮೈಸೂರು ಅಗರಬತ್ತಿ’ ಎಂಬ ಹೆಸರು 2005ರಲ್ಲಿ ಭೌಗೋಳಿಕ ಸೂಚಿಯ ಪಟ್ಟಿಯನ್ನೂ ಸೇರಿತು.

ಬತ್ತಿಯ ಪರಿಮಳವನ್ನು ಹೊಗಳುವವರು ಬಹಳ. ಅದನ್ನು ಹೊಸೆದ ಕೈ ಹೇಗಿದೆಯೆಂದು ಕೇಳುವವರು ಕಡಮೆ. ವರ್ಷಗಟ್ಟಲೆ ಈ ಕೆಲಸ ಮಾಡಿದ ಹೆಂಗಸರು ಹೇಳಿಕೊಳ್ಳುವ ಬಾಧೆ ಹೆಚ್ಚು ಕಡಮೆ ಒಂದೇ ಬಗೆಯದು. ನಡುರಾತ್ರಿಯಲ್ಲಿ ಕೈ ಜೋಮು ಹಿಡಿದು ಎಚ್ಚರವಾಗುತ್ತದೆ. ಕೊಡವಿದರೆ ಸ್ವಲ್ಪ ಸರಿಹೋಗುತ್ತದೆ. ಬೆರಳುಗಳಲ್ಲಿ ಇರುವೆ ಹರಿದಂತಾಗುತ್ತದೆ. ಬೆಳಗ್ಗೆ ರವಿಕೆಯ ಗುಂಡಿ ಹಾಕುವುದು ಕಷ್ಟವಾಗುತ್ತದೆ. ಹಿಡಿದ ಲೋಟ ಜಾರಿ ಬೀಳುತ್ತದೆ. ಕೆಲವರು ಇದನ್ನು ವಾಯುವೆನ್ನುತ್ತಾರೆ, ಕೆಲವರು ಶೀತವೆನ್ನುತ್ತಾರೆ, ಉಳಿದವರು ವಯಸ್ಸಿನ ಮೇಲೆ ಹೊರಿಸಿ ಸುಮ್ಮನಾಗುತ್ತಾರೆ. ಭಾರವನ್ನೇನೂ ಎತ್ತದೆ ಕುಳಿತಲ್ಲಿಯೇ ಮಾಡುವ ಈ ಕೆಲಸದಿಂದ ಕೈ ಏಕೆ ನೋಯಬೇಕು? ಇದಕ್ಕೆ ಉತ್ತರ ವೈದ್ಯಶಾಸ್ತ್ರದಲ್ಲಿ ಎಷ್ಟಿದೆಯೋ ಭೌತಶಾಸ್ತ್ರದಲ್ಲಿಯೂ ಅಷ್ಟೇ ಇದೆ.

ಕೆಲಸದ ಬಗೆ

ಇದ್ದಿಲ ಪುಡಿ, ಮರದ ಹೊಟ್ಟು, ಜಿಗಟು ಪುಡಿ—ಇವನ್ನು ನೀರಿನಲ್ಲಿ ಕಲಸಿ ಕಣಕ ಮಾಡುತ್ತಾರೆ. ಜಿಗಟೆಂಬುದು ಗುಳಮಾವು ಮೊದಲಾದ ಮರಗಳ ತೊಗಟೆಯ ಪುಡಿ. ನೀರು ತಗಲಿದರೆ ಅಂಟಾಗುತ್ತದೆ. ಹೊಸೆಯುವವರು ನೆಲದ ಮೇಲೆ ಕುಳಿತು, ತಗ್ಗಾದ ಮಣೆಯನ್ನು ಮುಂದಿಟ್ಟುಕೊಂಡು, ಎಡಗೈಯಿಂದ ಬಿದಿರ ಕಡ್ಡಿಯನ್ನೂ ಚಿಟಿಕೆ ಕಣಕವನ್ನೂ ಸೇರಿಸಿ, ಬಲ ಅಂಗೈಯಿಂದ ಮುಂದಕ್ಕೆ ಒತ್ತಿ ಉರುಳಿಸುತ್ತಾರೆ. ಎರಡು ಮೂರು ಬಾರಿ ಉರುಳಿಸಿದರೆ ಒಂದು ಕಡ್ಡಿ ಸಿದ್ಧವಾಗುತ್ತದೆ. ಒಣಗಿಸುವುದು, ಸುಗಂಧದಲ್ಲಿ ಅದ್ದುವುದು, ಕಟ್ಟು ಕಟ್ಟುವುದು ಆಮೇಲಿನ ಕೆಲಸಗಳು.

ಈಚಿನ ವರ್ಷಗಳಲ್ಲಿ ಕಾಲಿನಿಂದ ತುಳಿಯುವ ಯಂತ್ರಗಳೂ ವಿದ್ಯುತ್ತಿನಿಂದ ನಡೆಯುವ ಯಂತ್ರಗಳೂ ಬಂದಿವೆ. 2020ರಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು ಕೆಲಸಗಾರರಿಗೆ ಇಂತಹ ಯಂತ್ರಗಳನ್ನು ಒದಗಿಸುವ ಯೋಜನೆಯೊಂದನ್ನು ಕೈಗೊಂಡಿತು. ಆದರೂ ಮನೆಯಲ್ಲಿ ಕುಳಿತು ಕೈಯಿಂದ ಹೊಸೆಯುವ ಪದ್ಧತಿ ಅಳಿದುಹೋಗಿಲ್ಲ. ಈ ಕೆಲಸಕ್ಕೆ ಕೂಲಿ ದಿನದ ಲೆಕ್ಕದಲ್ಲಿ ಅಲ್ಲ, ಸಾವಿರ ಕಡ್ಡಿಯ ಲೆಕ್ಕದಲ್ಲಿ. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದಕ್ಕೆ ಮತ್ತೆ ಬರುತ್ತೇವೆ.

ಮಣಿಕಟ್ಟಿನ ಸುರಂಗ

ಎಡಗೈಯ ಅಂಗೈಯನ್ನು ಮೇಲ್ಮುಖ ಮಾಡಿ, ಬಲಗೈಯ ಬೆರಳುಗಳನ್ನು ಮೊಣಕೈಗಿಂತ ಸ್ವಲ್ಪ ಮುಂದೆ ಮುಂಗೈಯ ಮೇಲಿಡಿ. ಈಗ ಎಡಗೈಯ ಬೆರಳುಗಳನ್ನು ಮಡಿಸಿ, ಬಿಡಿಸಿ. ಚಲಿಸುವುದು ಬೆರಳು, ಉಬ್ಬುವುದು ಮುಂಗೈ! ಬೆರಳುಗಳನ್ನು ಬಲವಾಗಿ ಮಡಿಸುವ ಸ್ನಾಯುಗಳು ಬೆರಳಿನಲ್ಲಿಲ್ಲ, ಮುಂಗೈಯಲ್ಲಿವೆ. ಸೂತ್ರದ ಬೊಂಬೆಯನ್ನು ಆಡಿಸುವವನು ಪರದೆಯ ಹಿಂದೆ ನಿಂತು ದಾರಗಳನ್ನು ಎಳೆಯುವಂತೆ, ಈ ಸ್ನಾಯುಗಳು ಸ್ನಾಯುರಜ್ಜುಗಳೆಂಬ ಗಟ್ಟಿಯಾದ ಹುರಿಗಳ ಮೂಲಕ ಬೆರಳುಗಳನ್ನು ಎಳೆಯುತ್ತವೆ.

ಈ ಹುರಿಗಳೆಲ್ಲ ಮಣಿಕಟ್ಟನ್ನು ದಾಟಬೇಕಷ್ಟೆ. ಅಲ್ಲಿ ಎಂಟು ಪುಟ್ಟ ಮೂಳೆಗಳು ಕಮಾನಿನಂತೆ ಜೋಡಣೆಗೊಂಡಿವೆ. ಕಮಾನಿನ ಬಾಯಿಗೆ ಅಡ್ಡಲಾಗಿ ಒಂದು ದಪ್ಪನೆಯ ಪಟ್ಟಿ ಬಿಗಿದಿದೆ. ಹೀಗೆ ಉಂಟಾದ ಇಕ್ಕಟ್ಟಾದ ಸುರಂಗದಲ್ಲಿ ಒಂಬತ್ತು ರಜ್ಜುಗಳು ಹಾದುಹೋಗುತ್ತವೆ. ಅವುಗಳ ಜೊತೆಯಲ್ಲಿ, ಪಟ್ಟಿಯ ಕೆಳಗೇ, ಮೆತ್ತನೆಯ ಒಂದು ನರವೂ ಇದೆ. ಇದೇ ಮಧ್ಯಮ ನರ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರಬೆರಳಿನ ಅರ್ಧ—ಇಷ್ಟು ಭಾಗದ ಸ್ಪರ್ಶಜ್ಞಾನ ಇದರ ವಶದಲ್ಲಿದೆ. ಕಿರುಬೆರಳಿಗೆ ಹೋಗುವ ನರ ಬೇರೆ. ಅದು ಈ ಸುರಂಗವನ್ನು ಹೊಗುವುದಿಲ್ಲ. ಆದುದರಿಂದಲೇ ಕೈ ಜೋಮು ಹಿಡಿದಾಗ ಕಿರುಬೆರಳು ಬಹುಮಟ್ಟಿಗೆ ಪಾರಾಗುತ್ತದೆ. ವೈದ್ಯರು ರೋಗಿಯನ್ನು ಯಾವ ಯಾವ ಬೆರಳೆಂದು ವಿಚಾರಿಸುವುದರ ಮರ್ಮ ಇದು.

ಸನ್ನೆಯ ಲೆಕ್ಕ

ಬೆರಳ ತುದಿಯಿಂದ ಏನನ್ನಾದರೂ ಒತ್ತುವಾಗ ತುದಿಯ ಗಂಟು ಸನ್ನೆಯ ಆನಿಕೆಯಾಗುತ್ತದೆ. ಒತ್ತುವ ಜಾಗ ಆ ಗಂಟಿನಿಂದ ಸುಮಾರು ಒಂದೂವರೆ ಸೆಂಟಿಮೀಟರು ದೂರದಲ್ಲಿದೆ. ರಜ್ಜು ಎಳೆಯುವುದು ಗಂಟಿನ ಅಕ್ಷದಿಂದ ಸುಮಾರು ಅರ್ಧ ಸೆಂಟಿಮೀಟರು ದೂರದಲ್ಲಿ. ಸನ್ನೆಯ ನಿಯಮದಂತೆ, ತುದಿಯಲ್ಲಿ 1 ಕಿಲೋಗ್ರಾಂ ತೂಕದಷ್ಟು ಒತ್ತಬೇಕಾದರೆ ರಜ್ಜು ಅದರ ಮೂರು ಪಾಲು, ಎಂದರೆ 3 ಕಿಲೋಗ್ರಾಂ ತೂಕದಷ್ಟು ಬಲದಿಂದ ಎಳೆಯಬೇಕು. ಹೊರಗೆ ಹಗುರವಾಗಿ ಕಾಣುವ ಕೆಲಸ ಒಳಗಿನ ಹುರಿಗೆ ಹಗುರವಲ್ಲ.

ಇನ್ನು ಆ ಹುರಿ ಬಾಗಿದರೆ ಏನಾಗುತ್ತದೆ? ಬಾವಿಯ ರಾಟೆಯನ್ನು ನೆನೆಯೋಣ. ಹಗ್ಗ ನೆಟ್ಟಗೆ ಹಾದುಹೋದರೆ ರಾಟೆಯ ಮೇಲೆ ಒತ್ತಡವಿಲ್ಲ. ಹಗ್ಗ ಎಷ್ಟೆಷ್ಟು ತಿರುಗುತ್ತದೆಯೋ ಅಷ್ಟಷ್ಟು ಬಲವಾಗಿ ಅದು ರಾಟೆಯನ್ನು ಅದುಮುತ್ತದೆ. ಗಣಿತದಿಂದ ನೋಡಿದರೆ, 3 ಕಿಲೋಗ್ರಾಂ ಬಿಗಿತವುಳ್ಳ ಹುರಿ 20 ಡಿಗ್ರಿಯಷ್ಟು ಬಾಗಿದಾಗ ಸುಮಾರು 1 ಕಿಲೋಗ್ರಾಂ ತೂಕದಷ್ಟು ಅದುಮುತ್ತದೆ. 60 ಡಿಗ್ರಿಯಷ್ಟು ಬಾಗಿದಾಗ ಪೂರ್ತಿ 3 ಕಿಲೋಗ್ರಾಂ ತೂಕದಷ್ಟು. ಎಳೆತ ಅದೇ, ಕೆಲಸವೂ ಅದೇ. ಕೋನ ಮಾತ್ರ ಬೇರೆ. ಮಣಿಕಟ್ಟಿನಲ್ಲಿ ಈ ರಾಟೆಯ ಸ್ಥಾನದಲ್ಲಿರುವುವು ಒಂದು ಕಡೆ ಮೂಳೆ, ಇನ್ನೊಂದು ಕಡೆ ಪಟ್ಟಿ. ಪಟ್ಟಿಗೂ ರಜ್ಜುಗಳಿಗೂ ನಡುವೆ ಸಿಕ್ಕಿಕೊಂಡಿರುವುದು ನರ.

ಬಾಗಿದ ಮಣಿಕಟ್ಟಿನಿಂದ ಮತ್ತೊಂದು ನಷ್ಟವಿದೆ. ಕೈಯನ್ನು ಒಳಮುಖವಾಗಿ ಪೂರ್ತಿ ಬಾಗಿಸಿ ಮುಷ್ಟಿ ಬಿಗಿಯಲು ಪ್ರಯತ್ನಿಸಿ: ಬಿಗಿಯಾಗದು. ಹಾಗೆ ಬಾಗಿಸಿದಾಗ ಸ್ನಾಯು ಆಗಲೇ ಕುಗ್ಗಿಹೋಗಿರುವುದರಿಂದ ಮತ್ತಷ್ಟು ಎಳೆಯುವ ಶಕ್ತಿ ಅದಕ್ಕೆ ಉಳಿದಿರುವುದಿಲ್ಲ. ಓರೆಯಾದ ಕೈಯಿಂದ ಮಾಡುವ ಕೆಲಸ ಹೆಚ್ಚು ಶ್ರಮವನ್ನೂ ಬೇಡುತ್ತದೆ, ಹೆಚ್ಚು ಒತ್ತಡವನ್ನೂ ತರುತ್ತದೆ.

ಇದು ಬರಿಯ ಕಾಗದದ ಲೆಕ್ಕವಲ್ಲ. 1981ರಲ್ಲಿ ಅಮೆರಿಕದ ಗೆಲ್ಬರ್ಮನ್ ಮತ್ತು ಅವರ ಸಹೋದ್ಯೋಗಿಗಳು ಸುರಂಗದೊಳಕ್ಕೆ ಸೂಕ್ಷ್ಮವಾದ ನಳಿಕೆಯನ್ನು ಇಳಿಸಿ ಒತ್ತಡವನ್ನು ಅಳೆದರು. ಆರೋಗ್ಯವಂತರಲ್ಲಿ ಮಣಿಕಟ್ಟು ನೆಟ್ಟಗಿದ್ದಾಗ ಅದು ಸರಾಸರಿ 2.5 ಮಿಲಿಮೀಟರು ಪಾದರಸದಷ್ಟು. ಹಿಂದಕ್ಕಾಗಲಿ ಮುಂದಕ್ಕಾಗಲಿ ಪೂರ್ತಿ ಬಾಗಿಸಿದರೆ 30ರ ಆಸುಪಾಸು. ಬೇನೆಯುಳ್ಳವರಲ್ಲಿ ಕೈ ನೆಟ್ಟಗಿದ್ದಾಗಲೇ ಸರಾಸರಿ 32. ಬಾಗಿಸಿದರೆ 90ನ್ನೂ ಮೀರಿತು. ಒತ್ತಡ 20ರಿಂದ 30 ಮಿಲಿಮೀಟರಿಗೆ ಏರಿದರೆ ನರದೊಳಗಿನ ಸೂಕ್ಷ್ಮ ರಕ್ತನಾಳಗಳಲ್ಲಿ ರಕ್ತದ ಹರಿವು ಕುಗ್ಗತೊಡಗುತ್ತದೆ. ಜೋಮು ಎಂಬುದು ಹಸಿದ ನರದ ಮೊರೆ.

ನಿದ್ರೆಯಲ್ಲಿ ಕೈ ಅರಿವಿಲ್ಲದೆ ಮಡಿಸಿಕೊಳ್ಳುವುದರಿಂದ ಒತ್ತಡ ಏರುತ್ತದೆ. ರಾತ್ರಿಯ ಬಾಧೆಗೆ ಇದೊಂದು ಮುಖ್ಯ ಕಾರಣ. ಎಲ್ಲರ ನೋವೂ ಈ ಸುರಂಗದ್ದೇ ಎನ್ನುವಂತಿಲ್ಲ. ಕೆಲವರಿಗೆ ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಪಕ್ಕದಲ್ಲಿ ಚುಚ್ಚುವ ನೋವು ಬರುತ್ತದೆ. ಅಲ್ಲಿ ಹೆಬ್ಬೆರಳಿನ ಎರಡು ರಜ್ಜುಗಳ ಕವಚ ದಪ್ಪವಾಗಿ, ಅವು ಸರಾಗವಾಗಿ ಜಾರಲಾರದೆ ಉಜ್ಜುತ್ತವೆ. ಸ್ವಿಟ್ಸರ್ಲೆಂಡಿನ ಶಸ್ತ್ರವೈದ್ಯ ಡ ಕೆರ್ವಾನ್ ಇದನ್ನು 1895ರಲ್ಲಿ ವಿವರಿಸಿದನು.

ಎಣಿಕೆಯ ಮಹಿಮೆ

ಒಂದು ಬಾರಿ ಹೊಸೆದರೆ ಯಾರ ಕೈಯೂ ಕೆಡುವುದಿಲ್ಲ. ದಿನಕ್ಕೆ 3,000 ಕಡ್ಡಿ ಹೊಸೆಯುವ ಒಬ್ಬರನ್ನು ಊಹಿಸಿಕೊಳ್ಳೋಣ. ಕಡ್ಡಿಗೆ ಮೂರು ಬಾರಿಯಂತೆ ಅಂಗೈ 9,000 ಬಾರಿ ಹೋಗಿ ಬರಬೇಕು. ವರ್ಷಕ್ಕೆ 300 ದಿನ ದುಡಿದರೆ 27 ಲಕ್ಷ ಬಾರಿ!

ಕಬ್ಬಿಣವೂ ಇಂತಹ ಎಣಿಕೆಗೆ ಸೋಲುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ರೈಲುಗಾಡಿಗಳ ಅಚ್ಚುಗಳು ಹೊರಬಲ್ಲಷ್ಟೇ ಭಾರವನ್ನು ಹೊತ್ತಿದ್ದರೂ ಇದ್ದಕ್ಕಿದ್ದಂತೆ ಮುರಿಯುತ್ತಿದ್ದವು. ಜರ್ಮನಿಯ ಎಂಜಿನಿಯರು ವ್ಯೋಲರ್ ದೀರ್ಘಕಾಲ ಪ್ರಯೋಗ ನಡೆಸಿ, ಒಂದೇ ಸಲಕ್ಕೆ ಮುರಿಯಲಾರದ ಸಣ್ಣ ಬಲವೂ ಲಕ್ಷಾಂತರ ಬಾರಿ ಮರುಕಳಿಸಿದರೆ ಲೋಹವನ್ನು ಮುರಿಯಬಲ್ಲದೆಂದು ತೋರಿಸಿದನು. ಲೋಹದ ಈ ದಣಿವಿಗೂ ರಜ್ಜುವಿನ ದಣಿವಿಗೂ ಹೋಲಿಕೆಯಿದೆ. ಆದರೆ ಒಂದು ಮುಖ್ಯ ವ್ಯತ್ಯಾಸವೂ ಇದೆ. ಅಚ್ಚು ತನ್ನ ಬಿರುಕನ್ನು ತಾನೇ ಬೆಸೆದುಕೊಳ್ಳಲಾರದು. ಜೀವಂತ ರಜ್ಜು ಬೆಸೆದುಕೊಳ್ಳಬಲ್ಲದು. ಅದಕ್ಕೆ ಬೇಕಾದುದು ಸಮಯ. ಸವೆತ ದುರಸ್ತಿಗಿಂತ ವೇಗವಾಗಿ ನಡೆದಾಗ ಬೇನೆ ಹುಟ್ಟುತ್ತದೆ. ವಿಶ್ರಾಂತಿ ಸೋಮಾರಿತನವಲ್ಲ, ಅದು ದುರಸ್ತಿಯ ವೇಳೆ.

ಈ ತಿಳಿವು ತೀರ ಹೊಸದೇನಲ್ಲ. ಇಟಲಿಯ ವೈದ್ಯ ರಾಮಾಜ್ಜೀನಿ ಕಸುಬುಗಳಿಂದ ಬರುವ ರೋಗಗಳನ್ನು ಕುರಿತ ತನ್ನ ಗ್ರಂಥವನ್ನು 1700ರಲ್ಲಿ ಪ್ರಕಟಿಸಿ, 1713ರಲ್ಲಿ ವಿಸ್ತರಿಸಿದನು. ಬರಹಗಾರ ಗುಮಾಸ್ತರ ಕೈನೋವಿಗೆ ಒಂದೇ ದಿಕ್ಕಿನ ಎಡೆಬಿಡದ ಚಲನೆಯೇ ಕಾರಣವೆಂದು ಅವನು ಹೇಳಿದನು. ತಂತಿ ಕಚೇರಿಯಲ್ಲಿ ಕೀಲಿ ಕುಟ್ಟುವವರ ಕೈಸೆಳೆತವನ್ನು 1908ರಲ್ಲಿ ಬ್ರಿಟನ್ನಿನ ಕಾನೂನು ಪರಿಹಾರಕ್ಕೆ ಅರ್ಹವಾದ ಕಸುಬಿನ ರೋಗವೆಂದು ಒಪ್ಪಿತು. ಮೈಸೂರಿನಲ್ಲಿಯೂ ಬೀಡಿ ಕಟ್ಟುವವರು, ಬೀಟೆಯ ಮರದಲ್ಲಿ ಕೆತ್ತನೆ ಮಾಡುವವರು, ಗಣಕಯಂತ್ರದ ಮುಂದೆ ದಿನವಿಡೀ ಕುಳಿತಿರುವವರು ಇದೇ ನಿಯಮಕ್ಕೆ ಒಳಪಟ್ಟವರು.

ಪರಿಹಾರದ ಮಾರ್ಗ

ಕಾರಣ ತಿಳಿದ ಮೇಲೆ ಉಪಾಯಗಳು ತಾವಾಗಿ ತೋರುತ್ತವೆ. ಮೊದಲನೆಯದು ಕೋನ. ನೆಲದ ಮೇಲಿನ ತಗ್ಗು ಮಣೆಯ ಮೇಲೆ ಅಂಗೈಯೂರಿ ಒತ್ತುವಾಗ ಮಣಿಕಟ್ಟು ಹಿಂದಕ್ಕೆ ಬಹಳ ಬಾಗುತ್ತದೆ. ಮಣೆಯನ್ನು ಎತ್ತರಿಸಿ, ಮುಂದಕ್ಕೆ ತುಸು ಇಳಿಜಾರು ಮಾಡಿದರೆ ಅಂಗೈಯೂ ಮುಂಗೈಯೂ ಒಂದೇ ಗೆರೆಗೆ ಹತ್ತಿರವಾಗುತ್ತವೆ. ಒತ್ತುವ ಬಲ ಮಣಿಕಟ್ಟಿನಿಂದ ಬಾರದೆ ತೋಳಿನಿಂದ ಬರಬೇಕು. ಎರಡು ಇಟ್ಟಿಗೆಗಳಿಂದ ಆಗುವ ಈ ಬದಲಾವಣೆಗೆ ಖರ್ಚಿಲ್ಲ.

ಎರಡನೆಯದು ಬಲ. ಕಣಕ ಗಟ್ಟಿಯಾದಷ್ಟೂ ಉರುಳಿಸಲು ಹೆಚ್ಚು ಒತ್ತಬೇಕು. ಅದನ್ನು ಹದವಾಗಿ ನಾದಿ, ಒಣಗದಂತೆ ಒದ್ದೆ ಬಟ್ಟೆ ಮುಚ್ಚಿಟ್ಟರೆ ಪ್ರತಿಯೊಂದು ಬಾರಿ ಉರುಳಿಸುವಾಗಲೂ ಸ್ವಲ್ಪ ಬಲ ಉಳಿಯುತ್ತದೆ. ಸ್ವಲ್ಪವೆಂಬುದನ್ನು 27 ಲಕ್ಷದಿಂದ ಗುಣಿಸಿ ನೋಡಿರಿ. ಮೂರನೆಯದು ವಿರಾಮ. ಅರ್ಧ ಗಂಟೆಗೊಮ್ಮೆ ಒಂದೆರಡು ನಿಮಿಷ ಕೈ ಸಡಿಲಬಿಡುವುದು, ನಡುವೆ ಒಣಹಾಕುವ ಅಥವಾ ಕಟ್ಟು ಕಟ್ಟುವ ಕೆಲಸಕ್ಕೆ ತಿರುಗುವುದು ಹಿತ.

ಜೋಮು ಆರಂಭವಾಗಿದ್ದರೆ ರಾತ್ರಿ ಮಣಿಕಟ್ಟನ್ನು ನೆಟ್ಟಗಿಡುವ ಪಟ್ಟಿ ಕಟ್ಟಿಕೊಂಡು ಮಲಗುವುದರಿಂದ ಅನೇಕರಿಗೆ ಗುಣ ಕಾಣುತ್ತದೆ. ವಾರಗಳು ಕಳೆದರೂ ಹೋಗದಿದ್ದರೆ, ಹಿಡಿತ ಕುಂದಿದರೆ, ಹೆಬ್ಬೆರಳಿನ ಬುಡದ ಮಾಂಸ ಬತ್ತಿದಂತೆ ಕಂಡರೆ ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು. ಸಿಹಿಮೂತ್ರ, ಥೈರಾಯ್ಡ್ ಗ್ರಂಥಿಯ ಕೊರತೆ, ಬಸಿರು—ಇವುಗಳಿಂದಲೂ ಇದೇ ಜೋಮು ಬರುವುದುಂಟು; ಅದನ್ನು ಬೇರ್ಪಡಿಸಿ ನೋಡಬೇಕಾದವರು ಅವರೇ. ನರದಲ್ಲಿ ವಿದ್ಯುತ್ಸಂಕೇತ ಹರಿಯುವ ವೇಗವನ್ನು ಅಳೆಯುವ ಪರೀಕ್ಷೆಯಿದೆ. ಆರೋಗ್ಯವಂತರ ಮುಂಗೈಯಲ್ಲಿ ಇದು ಸೆಕೆಂಡಿಗೆ ಸುಮಾರು 50 ಮೀಟರು ಅಥವಾ ಅದಕ್ಕೂ ಹೆಚ್ಚು. ಅದುಮಿಹೋದ ಸುರಂಗದಲ್ಲಿ ಸಂಕೇತ ತಡವಾಗುತ್ತದೆ. ಅಗತ್ಯವಾದರೆ ಚುಚ್ಚುಮದ್ದು, ಕೊನೆಗೆ ಅಡ್ಡಪಟ್ಟಿಯನ್ನು ಕತ್ತರಿಸಿ ನರಕ್ಕೆ ಜಾಗ ಮಾಡಿಕೊಡುವ ಚಿಕ್ಕ ಶಸ್ತ್ರಚಿಕಿತ್ಸೆ. ಬಹುಕಾಲ ಅದುಮಿಹೋದ ನರ ಆಮೇಲೂ ಪೂರ್ತಿ ಚೇತರಿಸದೆ ಇರಬಹುದು. ತಡಮಾಡಬಾರದೆನ್ನುವುದು ಇದಕ್ಕಾಗಿಯೇ.

ಸಾವಿರದ ಲೆಕ್ಕ

ಈಗ ಕೂಲಿಯ ಮಾತಿಗೆ ಬರೋಣ. ಮಣೆಯ ಎತ್ತರವನ್ನು ಹೊಸೆಯುವಾಕೆಯೇ ಸರಿಪಡಿಸಿಕೊಳ್ಳಬಹುದು. ವಿರಾಮವನ್ನು ಹಾಗೆ ಪಡೆಯುವಂತಿಲ್ಲ. ಸಾವಿರಕ್ಕಿಷ್ಟೆಂಬ ಲೆಕ್ಕದಲ್ಲಿ ಕೈಗೆ ಕೊಟ್ಟ ಹತ್ತು ನಿಮಿಷ ಕೂಲಿಯಿಂದ ಕಳೆದ ಹತ್ತು ನಿಮಿಷ. ನೋವು ಬಂದ ಕೈ ನಿಧಾನವಾಗುತ್ತದೆ. ನಿಧಾನವಾದ ಕೈ ಅಷ್ಟೇ ದುಡ್ಡಿಗೆ ಹೆಚ್ಚು ಹೊತ್ತು ದುಡಿಯಬೇಕಾಗುತ್ತದೆ. ದುರಸ್ತಿಗೆ ಸಮಯ ಮತ್ತಷ್ಟು ಕಡಮೆಯಾಗುತ್ತದೆ. ಅದರ ಮೇಲೆ ಬಟ್ಟೆ ಹಿಂಡುವ, ಪಾತ್ರೆ ತಿಕ್ಕುವ, ಚಪಾತಿ ಲಟ್ಟಿಸುವ ಕೆಲಸವೂ ಅದೇ ಕೈಯದು. ಇದರಿಂದಾಗಿ, ಕೈಗೆ ವಿಶ್ರಾಂತಿ ಕೊಡಿ ಎಂಬ ವೈದ್ಯರ ಸಲಹೆ ಎಷ್ಟು ಸರಿಯಾಗಿದ್ದರೂ ಒಬ್ಬಳೇ ನಡೆಸಲಾಗದ ಸಲಹೆಯಾಗುತ್ತದೆ.

ಎಂಜಿನಿಯರು ಯಂತ್ರದ ಬೆಲೆ ಕಟ್ಟುವಾಗ ಅದಕ್ಕೆ ಎಣ್ಣೆ ಹಾಕಲು ನಿಲ್ಲಿಸುವ ವೇಳೆಯನ್ನೂ ಲೆಕ್ಕಕ್ಕೆ ಹಿಡಿಯುತ್ತಾನೆ. ಸಾವಿರ ಕಡ್ಡಿಗೆ ದರ ಗೊತ್ತುಮಾಡುವ ಗುತ್ತಿಗೆದಾರರೂ ತಯಾರಕರೂ ಗಂಟೆಗೆ ಐದು ನಿಮಿಷದ ವಿರಾಮವನ್ನು ಆ ದರದೊಳಗೇ ಸೇರಿಸಿದರೆ, ಅದು ದಾನವೂ ಅಲ್ಲ, ದಯೆಯೂ ಅಲ್ಲ. ಕೈಯೆಂಬ ಉಪಕರಣದ ಸರಿಯಾದ ಲೆಕ್ಕ. ಮಣೆಯ ಕೆಳಗಿನ ಎರಡು ಇಟ್ಟಿಗೆಗಳನ್ನು ಇಂದೇ ಇಡಬಹುದು. ಈ ಐದು ನಿಮಿಷಗಳನ್ನು ಕೊಡಬೇಕಾದವರು ದರ ಕಟ್ಟುವವರು.