ಎರಡು ಕಂಬಗಳ ನಡುವಿನ ಸಂಜೆ

ಆಗಸ್ಟ್ ತಿಂಗಳ ಸಂಜೆ, ನಾಲ್ಕೂವರೆ ದಾಟಿದೆ. ಲಾಂಗ್ ಬೆಲ್ ಹೊಡೆದು ಬಸ್ಸು ಹಿಡಿಯುವ ಮಕ್ಕಳೆಲ್ಲ ರಸ್ತೆಗೆ ಓಡಿಯಾಯಿತು. ತಿರುಮಕೂಡಲು ನರಸೀಪುರ ತಾಲ್ಲೂಕಿನ ಈ ಸರ್ಕಾರಿ ಪ್ರೌಢಶಾಲೆಯ ಹಿಂದಿನ ಬೇಲಿಯಾಚೆಗೆ ನಾಟಿ ಮುಗಿದ ಗದ್ದೆಗಳು. ಈಚೆಗೆ, ಮಧ್ಯಾಹ್ನದ ಸೋನೆಯಲ್ಲಿ ನೆಂದು ಹದವಾದ ಕೆಂಪು ನೆಲ. ಆ ನೆಲದ ಮೇಲೆ ಹುಡುಗರೂ ಹುಡುಗಿಯರೂ ಸಾಲುಗಟ್ಟಿ ಬಗ್ಗಿ ಕಲ್ಲು ಆಯುತ್ತಿದ್ದಾರೆ. ಬರಿಗಾಲಲ್ಲಿ ಆಡುವವರ ಅಂಗಾಲು ಸೀಳಲು ಒಂದು ಹರಳು ಸಾಕು. ಆಯ್ದದ್ದನ್ನೆಲ್ಲ ಬೇವಿನ ಮರದ ಬುಡಕ್ಕೆ ಸುರಿಯುತ್ತಾರೆ. ಅಲ್ಲಿ ಹಿಂದಿನ ವರ್ಷಗಳ ಮಕ್ಕಳು ಆಯ್ದು ಹಾಕಿದ ಕಲ್ಲಿನ ಸಣ್ಣ ಗುಡ್ಡೆಯೇ ಇದೆ.

ಪಿ.ಟಿ. ಮೇಷ್ಟ್ರು ಟೇಪಿನ ಒಂದು ತುದಿ ಹಿಡಿದಿದ್ದಾರೆ. ಇನ್ನೊಂದು ತುದಿ ಎಂಟನೇ ತರಗತಿಯ ಹುಡುಗನ ಕೈಯಲ್ಲಿ. ಉದ್ದ 27 ಮೀಟರ್, ಅಗಲ 16 ಮೀಟರ್. ಹುರಿ ಕಟ್ಟಿ ಅದರ ಗುಂಟ ಸುಣ್ಣದ ಪುಡಿ ಉದುರಿಸಿದರೆ ಅಂಕಣ ಸಿದ್ಧ. ಎರಡು ಕೊನೆಗೆ ಎರಡು ಮರದ ಕಂಬ, ದೊಡ್ಡವರ ಎದೆಮಟ್ಟಕ್ಕೆ ಬರುವಷ್ಟು ಎತ್ತರ. ಕಂಬ ಹಿಡಿದು ಗಿರ್ರನೆ ತಿರುಗುವ ಕೈಗೆ ಸಿಬಿರು ಚುಚ್ಚದಂತೆ ಉಜ್ಜಿ ನುಣುಪು ಮಾಡಿದ್ದಾರೆ. ಕಂಬದಿಂದ ಕಂಬಕ್ಕೆ ನಡುಗೆರೆ, ಅದರ ಮೇಲೆ ಎಂಟು ಚೌಕ. ಖೋ ಖೋ ಆಡಲು ಇಷ್ಟು ಸಾಕು. ಚೆಂಡಿಲ್ಲ, ಬ್ಯಾಟಿಲ್ಲ, ಬಲೆಯಿಲ್ಲ, ಶೂ ಕೂಡ ಬೇಕಿಲ್ಲ. ಮಗುವಿಗೆ ಓಡಲು ಬೇಕಾದದ್ದನ್ನೆಲ್ಲ ಇಷ್ಟು ಕಡಿಮೆ ಖರ್ಚಿನಲ್ಲಿ ಕೊಡುವ ಇನ್ನೊಂದು ತಂಡದಾಟ ನನಗೆ ಕಾಣದು. ಪಕ್ಕದಲ್ಲೇ ಕಬಡ್ಡಿ ಇದೆ, ನಿಜ. ಆದರೆ ಅಲ್ಲಿ ಮೈಕಟ್ಟು ಇರುವವರ ಕೈ ಮೇಲು. ಖೋ ಖೋದಲ್ಲಿ ತೆಳ್ಳಗಿರುವ ಪುಟ್ಟ ಹುಡುಗಿಗೂ ಜಾಗವಿದೆ.

ಸೀಟಿ ಊದಿತು. ಎಂಟು ಮಕ್ಕಳು ಒಬ್ಬರು ಆ ಕಡೆ, ಒಬ್ಬರು ಈ ಕಡೆ ಮುಖ ಮಾಡಿ ಚೌಕಗಳಲ್ಲಿ ಕೂತಿದ್ದಾರೆ. ಕೂತಿದ್ದಾರೆ ಎನ್ನುವುದು ಹೆಸರಿಗಷ್ಟೇ. ಒಂದು ಪಾದ ಮುಂದೆ, ಒಂದು ಹಿಂದೆ, ಬೆರಳ ತುದಿ ನೆಲಕ್ಕೆ, ಹಿಮ್ಮಡಿ ಮೇಲೆ. ಒಂಬತ್ತನೆಯವಳು ಕಂಬದ ಬಳಿಯಿಂದ ಹೊರಟಳು. ಎದುರಾಳಿಯ ಮೂವರು ಅಂಕಣದೊಳಗೆ ಬಂದಿದ್ದಾರೆ. ಅವರು ಕೂತವರ ನಡುವೆ ಹೇಗೆ ಬೇಕಾದರೂ ನುಸುಳಬಹುದು. ಬೆನ್ನಟ್ಟುವವಳಿಗೆ ಆ ಸ್ವಾತಂತ್ರ್ಯವಿಲ್ಲ. ನಡುಗೆರೆ ದಾಟುವಂತಿಲ್ಲ, ಹಿಡಿದ ದಿಕ್ಕು ಬಿಟ್ಟು ಹಿಂದಕ್ಕೆ ತಿರುಗುವಂತಿಲ್ಲ. ಓಡುವವರು ಗೆರೆಯ ಆಚೆ ಜಾರಿಕೊಂಡರೆ ಅವಳ ಮುಂದಿರುವ ದಾರಿ ಒಂದೇ: ಆ ಕಡೆ ಮುಖ ಮಾಡಿ ಕೂತ ಗೆಳತಿಯ ಬೆನ್ನು ಮುಟ್ಟಿ ‘ಖೋ’ ಎನ್ನುವುದು.

‘ಖೋ!’ ಮುಟ್ಟಿದವಳು ಅದೇ ಚೌಕದಲ್ಲಿ ಕೂತಾಗಿದೆ, ಮುಟ್ಟಿಸಿಕೊಂಡವಳು ಎರಡು ಹೆಜ್ಜೆ ಹಾರಿಯಾಗಿದೆ. ಓಡುವ ಹುಡುಗಿ ಇವಳ ಲೆಕ್ಕವನ್ನು ಮೊದಲೇ ಹಾಕಿದ್ದಾಳೆ. ಸಿಂಗಲ್ ಚೈನ್ ಹಿಡಿದು, ಕೂತ ಒಬ್ಬೊಬ್ಬರ ನಡುವೆಯೂ ಹಾವಿನಂತೆ ಹೊಸೆದು ಸಾಗುತ್ತಾಳೆ. ಕಂಬದ ಹತ್ತಿರ ಬಂದಾಗ ಒಂದು ಕ್ಷಣ ನಿಂತಂತೆ ಮಾಡಿ, ಸೊಂಟ ಒಂದು ಕಡೆ ತಿರುಗಿಸಿ, ಕಾಲು ಇನ್ನೊಂದು ಕಡೆಗೆ ಇಟ್ಟಳು. ಬೆನ್ನಟ್ಟಿದವಳ ಕೈ ಗಾಳಿಗೆ ಹೋಯಿತು. ಬೇಲಿಯ ಬಳಿ ನಿಂತವರೆಲ್ಲ ‘ಹೋ’ ಎಂದರು.

“ಏ ಮಗಾ, ಮುಟ್ಟಾದ್ಮೇಲೆ ಖೋ ಅನ್ನು! ಮುಂಚೆ ಅಂದ್ರೆ ಫೌಲು!” ಮೇಷ್ಟ್ರ ದನಿ.

“ಮುಟ್ಟಿದ್ದೆ ಸಾ!”

“ನಾನು ನೋಡಿಲ್ವಾ? ವಾಪಸ್ ಬಾ.”

ವಾದ ಅಲ್ಲಿಗೆ ಮುಗಿಯಿತು. ಆಟ ಮುಂದುವರಿಯಿತು. ಒಂದು ಸರದಿಗೆ 9 ನಿಮಿಷ. ಅಷ್ಟರಲ್ಲಿ ಈ ಮಕ್ಕಳ ಮೈಯಲ್ಲಿ ಏನೇನು ನಡೆಯುತ್ತದೆ ಎಂದು ಪಕ್ಕದಲ್ಲಿ ನಿಂತು ನೋಡಬೇಕು. ಕುಕ್ಕರಗಾಲಿನಿಂದ ಚಿಮ್ಮುವಾಗ ತೊಡೆ, ಮೀನಖಂಡಗಳಿಗೆ ಕೆಲಸ. ಹಠಾತ್ತನೆ ನಿಲ್ಲುವಾಗ, ತಿರುಗುವಾಗ ಮೂಳೆಗಳ ಮೇಲೆ ಭಾರ ಬೀಳುತ್ತದೆ. ಹರೆಯದ ಮೂಳೆ ಗಟ್ಟಿಯಾಗುವುದೇ ಇಂಥ ಭಾರದಿಂದ. ಈ ವರ್ಷಗಳಲ್ಲಿ ಕೂಡಿಟ್ಟ ಗಟ್ಟಿತನವೇ ಮುಪ್ಪಿನವರೆಗೂ ಬರಬೇಕು. ಎದೆ ಏದುಸಿರಲ್ಲಿ ಏರಿಳಿಯುತ್ತದೆ, ಮತ್ತೆ ಚೌಕಕ್ಕೆ ಬಂದು ಕೂತಾಗ ಅರ್ಧ ನಿಮಿಷದಲ್ಲಿ ತಹಬಂದಿಗೆ ಬರುತ್ತದೆ, ಮತ್ತೆ ಏರುತ್ತದೆ. ಹಗಲೆಲ್ಲ ಕಪ್ಪು ಹಲಗೆ, ಪುಸ್ತಕ ನೋಡಿದ ಕಣ್ಣು ಬಯಲಿನ ಬೆಳಕಿನಲ್ಲಿ ದೂರ ನೋಡುತ್ತದೆ. ಹೊರಗಿನ ಬೆಳಕಿನಲ್ಲಿ ಹೆಚ್ಚು ಹೊತ್ತು ಕಳೆಯುವ ಮಕ್ಕಳಲ್ಲಿ ದೂರದ್ದು ಮಸುಕಾಗಿ ಕಾಣುವ ದೃಷ್ಟಿದೋಷ ಕಡಿಮೆ ಎಂಬುದು ಕಣ್ಣಿನ ವೈದ್ಯರು ಒಪ್ಪಿದ ಮಾತು.

5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವಂತೆ ಆಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2016ರ ಅಂಕಿ ಅಂಶ ಆಧರಿಸಿ ಅದರ ಸಂಶೋಧಕರು ಕೊಟ್ಟ ಲೆಕ್ಕದಂತೆ, ಜಗತ್ತಿನಲ್ಲಿ 11ರಿಂದ 17ರ ವಯಸ್ಸಿನ ಶೇ 81 ಮಕ್ಕಳಿಗೆ ಅಷ್ಟು ಚಟುವಟಿಕೆ ಇರಲಿಲ್ಲ. ಹುಡುಗಿಯರಲ್ಲಿ ಅದು ಶೇ 85. ಈ ಬಯಲಿನಲ್ಲಿ ನಿಂತವರಿಗೆ ಆ ಅಂಕಿ ನಂಬಲು ಕಷ್ಟವಾಗಬಹುದು. ಆದರೆ ಬಸ್ಸಿಗೆ ಓಡಿದ ಮಕ್ಕಳನ್ನು, ಟ್ಯೂಷನ್ನಿಗೆ ಸೈಕಲ್ ತುಳಿದವರನ್ನು, ಬೇಲಿಗೆ ಒರಗಿ ನೋಡುತ್ತಿರುವವರನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಆಶ್ಚರ್ಯ ಉಳಿಯದು.

ಬೇಲಿಗೆ ಒರಗಿದವರ ವಿಷಯವೇ ನನ್ನನ್ನು ಹೆಚ್ಚು ಕಾಡುವುದು. ಮುಂದಿನ ವಾರ ಹೋಬಳಿ ಮಟ್ಟದ ಕ್ರೀಡಾಕೂಟ. ಅದಾದ ಮೇಲೆ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ. ನಮ್ಮ ಎಷ್ಟೋ ಶಾಲೆಗಳಲ್ಲಿ ಆಟ ಎಂದರೆ ಈ ಕೂಟಕ್ಕೆ ತಂಡ ಆರಿಸುವುದು, ಅಷ್ಟೇ. ಹನ್ನೆರಡು ಜನ ಆಯ್ಕೆಯಾಗುತ್ತಾರೆ, ಉಳಿದವರು ಚಪ್ಪಾಳೆ ತಟ್ಟುತ್ತಾರೆ. ಓಡುವ ಶಕ್ತಿ ಇದ್ದವರಿಗೆ ಇನ್ನಷ್ಟು ಓಟ, ದಪ್ಪಗಿರುವ, ನಾಚುವ, ಬೇಗ ದಣಿಯುವ ಮಕ್ಕಳಿಗೆ ನೆರಳು. ಆಟ ಯಾರಿಗೆ ಅತಿ ಹೆಚ್ಚು ಬೇಕೋ ಅವರೇ ಹೊರಗೆ ಉಳಿಯುತ್ತಾರೆ.

ಈ ಮೇಷ್ಟ್ರು ಅದಕ್ಕೊಂದು ದಾರಿ ಮಾಡಿಕೊಂಡಿದ್ದಾರೆ. ದೊಡ್ಡ ಅಂಕಣದ ಪಕ್ಕ, ಕಂಬಕ್ಕೆ ಬದಲು ಗಳು ನೆಟ್ಟು, ಚಿಕ್ಕ ಅಂಕಣ ಹಾಕಿಸಿದ್ದಾರೆ. ಅಲ್ಲಿ ಆಡಲು ಯಾವ ಆಯ್ಕೆಯೂ ಇಲ್ಲ. ಬಂದವರೆಲ್ಲ ಆಟಗಾರರು. ತಂಡದಲ್ಲಿರುವ ಹುಡುಗಿಯರೇ ಅಲ್ಲಿ ಕಲಿಸುವವರು. “ಬೆನ್ನಿಗೆ ಜೋರಾಗಿ ಹೊಡೀಬೇಡ ಕಣೇ, ಮುಟ್ಟು ಸಾಕು” ಎಂದು ಒಬ್ಬಳು ದೊಡ್ಡವಳಂತೆ ಹೇಳಿಕೊಡುತ್ತಿದ್ದಾಳೆ. ಕೂತು ಏಳಲು ಕಷ್ಟಪಡುತ್ತಿದ್ದ ಗುಂಡಗಿನ ಹುಡುಗನೊಬ್ಬ ಮೂರನೇ ಖೋಗೆ ಚಿಮ್ಮಿ ಎದ್ದು ಒಬ್ಬನನ್ನು ಔಟ್ ಮಾಡಿಯೇಬಿಟ್ಟ. ಅವನ ಮುಖದಲ್ಲಿ ಬಂದ ಬೆಳಕನ್ನು ಯಾವ ಪದಕವೂ ತಾರದು.

ನಡುವೆ ಒಬ್ಬ ಹುಡುಗಿ ಆಟ ಬಿಟ್ಟು ಮೆಟ್ಟಿಲ ಮೇಲೆ ಕೂತಳು. ತುಟಿ ಬಿಳಚಿದೆ. ಮೇಷ್ಟ್ರು ಹತ್ತಿರ ಹೋಗಿ ಬಗ್ಗಿದರು.

“ಯಾಕವ್ವಾ, ಮಧ್ಯಾಹ್ನ ಉಂಡ್ಯಾ?”

“ಉಂಡೆ ಸಾ. ಸ್ವಲ್ಪ.”

“ಸೋಮವಾರದ ಮಾತ್ರೆ ನುಂಗಿದ್ಯಾ, ಕಿಸೆಗೆ ಹಾಕ್ಕೊಂಡ್ಯಾ?”

ಹುಡುಗಿ ತಲೆ ತಗ್ಗಿಸಿದಳು. ವಾರಕ್ಕೊಂದರಂತೆ ಶಾಲೆಯಲ್ಲಿ ಕೊಡುವ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆಯ ಮಾತು ಅದು. ಹೊಟ್ಟೆ ತೊಳಸುತ್ತದೆ ಎಂದು ಎಷ್ಟೋ ಮಕ್ಕಳು ಅದನ್ನು ಬಿಸಾಡುತ್ತಾರೆ, ಹೊಟ್ಟೆ ತುಂಬ ಉಂಡ ಮೇಲೆ ನುಂಗಿದರೆ ಆ ತೊಂದರೆ ಕಡಿಮೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19ರ ಹುಡುಗಿಯರಲ್ಲಿ ಶೇ 59ರಷ್ಟು ಮಂದಿಗೆ ರಕ್ತಹೀನತೆ. ಬಯಲಲ್ಲಿ ಬೇಗ ದಣಿಯುವ ಹುಡುಗಿಯನ್ನು ಸೋಮಾರಿ ಎಂದು ಗದರುವ ಮೊದಲು ಈ ಮೇಷ್ಟ್ರಂತೆ ಬಗ್ಗಿ ಕೇಳಬೇಕು. ಆಟ ಎಷ್ಟೋ ಸಲ ಮನೆಯವರಿಗೂ ಗೊತ್ತಿರದ ಕಾಯಿಲೆಯನ್ನು ಮೊದಲು ತೋರಿಸುತ್ತದೆ. ಅವಳಿಗೆ ಸಿಕ್ಕಿದ್ದು ಒಂದು ಬಾಳೆಹಣ್ಣು, ನೀರು, ಮತ್ತು ನಾಳೆ ತಾಯಿಯನ್ನು ಕರೆದುಕೊಂಡು ಬಾ ಎಂಬ ಮಾತು.

ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬರು ಬೇಲಿಯಾಚೆ ನಿಂತು ಮಗಳನ್ನು ಕೂಗಿದರು. “ಸಾಕು ಬಾರವ್ವಾ, ಹೊತ್ತಾಯ್ತು.”

“ಇನ್ನೊಂದು ಹತ್ತು ನಿಮಿಷ ಬಿಡಕ್ಕಾ,” ಎಂದರು ಮೇಷ್ಟ್ರು. “ಜೊತೇಲಿ ನಾಲ್ಕು ಜನ ಅದೇ ಬೀದಿಯವರು ಅವ್ರೆ. ಒಟ್ಟಿಗೇ ಕಳಿಸ್ತೀನಿ.”

ಹೆಂಗಸು ಹೊರೆ ಇಳಿಸಿ ಕಲ್ಲಿನ ಮೇಲೆ ಕೂತರು. ಮಗಳು ಓಡುವುದನ್ನು ನೋಡಿದರು. ಒಮ್ಮೆ ನಕ್ಕರು ಕೂಡ.

ಇದೇ ತಾಲ್ಲೂಕಿನ ಕುರುಬೂರಿನ ಚೈತ್ರಾ ಹೆಸರು ಈ ಮಕ್ಕಳಿಗೆಲ್ಲ ಬಾಯಿಪಾಠ. 2025ರ ಜನವರಿಯಲ್ಲಿ ದೆಹಲಿಯ ಇಂದಿರಾ ಗಾಂಧಿ ಕ್ರೀಡಾಂಗಣದಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್‌ನ ಫೈನಲ್‌ನಲ್ಲಿ ಭಾರತದ ಮಹಿಳೆಯರು ನೇಪಾಳವನ್ನು 78–40ರಿಂದ ಸೋಲಿಸಿದಾಗ ಆಕೆ ತಂಡದಲ್ಲಿದ್ದರು. ಪುರುಷರ ತಂಡವೂ ನೇಪಾಳವನ್ನೇ 54–36ರಿಂದ ಗೆದ್ದಿತು. ಅಲ್ಲಿ ಮ್ಯಾಟ್ ಹಾಸಿದ್ದರು, ದೀಪಗಳಿದ್ದವು. ಹಳ್ಳಿಯ ಮಣ್ಣಿನಿಂದ ಆ ಮ್ಯಾಟಿನವರೆಗೆ ಹೋದ ಹುಡುಗಿಯನ್ನು ಕಂಡು ಹೆಮ್ಮೆಪಡುವುದು ಸರಿಯೇ. ಆದರೆ ಇಲ್ಲಿ ಓಡುತ್ತಿರುವ ಬಹುಪಾಲು ಮಕ್ಕಳು ದೆಹಲಿಗೆ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ಗಟ್ಟಿ ಕಾಲು, ತುಂಬು ಉಸಿರು, ರಾತ್ರಿ ಒಳ್ಳೆಯ ಹಸಿವು, ಒಳ್ಳೆಯ ನಿದ್ದೆ ಸಿಕ್ಕರೆ ಆಟ ಅವರಿಗೆ ಕೊಡಬೇಕಾದದ್ದನ್ನು ಕೊಟ್ಟಂತೆ.

ಕತ್ತಲಾಗುವ ಮೊದಲು ತರಚಿದ ಮೊಣಕಾಲುಗಳನ್ನು ನೀರಲ್ಲಿ ತೊಳೆದು ಔಷಧಿ ಹಚ್ಚುವ ಕೆಲಸ. ಕಾಲು ಉಳುಕಿಸಿಕೊಂಡವನಿಗೆ ಎರಡು ದಿನ ಆಟವಿಲ್ಲ ಎಂಬ ಕಟ್ಟಪ್ಪಣೆ. ಕಂಬ ಕಿತ್ತು ಕೋಣೆಗೆ ಸೇರಿಸಿದರು. ಗುಂಪಿನಲ್ಲಿ ಹತ್ತನೇ ತರಗತಿಯವರು ಇಬ್ಬರೇ. ಆ ತರಗತಿಯ ಉಳಿದವರಿಗೆ ಈಗ ವಿಶೇಷ ಪಾಠ. ವರ್ಷದ ಕೊನೆಯ ಪರೀಕ್ಷೆಯ ಭಯಕ್ಕೆ ಆಟದ ಪೀರಿಯಡ್ಡು ಗಣಿತಕ್ಕೂ ವಿಜ್ಞಾನಕ್ಕೂ ಹಂಚಿಹೋಗಿದೆ. ದೊಡ್ಡವಳಾದಳು ಎಂಬ ಕಾರಣಕ್ಕೆ ಎಂಟು, ಒಂಬತ್ತನೇ ತರಗತಿಯಲ್ಲೇ ಬಯಲು ಬಿಟ್ಟ ಹುಡುಗಿಯರ ಸಂಖ್ಯೆಯೂ ಕಡಿಮೆಯೇನಲ್ಲ. ಬಟ್ಟೆ ಬದಲಿಸಲು ಬಾಗಿಲಿರುವ ಒಂದು ಕೋಣೆ, ನೀರು ಬರುವ ಶೌಚಾಲಯ ಇದ್ದರೆ ಅವರಲ್ಲಿ ಅರ್ಧದಷ್ಟು ಮಂದಿಯಾದರೂ ಉಳಿದಾರು ಎಂಬುದು ಮೇಷ್ಟ್ರ ನಂಬಿಕೆ. ನನ್ನದೂ ಅದೇ.

ಶಾಲೆಗೆ ಆಟದ ಮೈದಾನ ಇರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳಿದೆ. ಮೈದಾನವಿದ್ದೂ ಸಂಜೆ ಗೇಟಿಗೆ ಬೀಗ ಬಿದ್ದರೆ ಆ ಮಾತಿಗೆ ಅರ್ಥವಿಲ್ಲ. ಮಕ್ಕಳನ್ನು ಶಾಲೆಗೆ ಕಳಿಸುವ ಅಪ್ಪ ಅಮ್ಮಂದಿರೇ, ಈ ವಾರ ಒಮ್ಮೆ ಶಾಲೆಗೆ ಹೋಗಿ. ಅಂಕಪಟ್ಟಿ ಕೇಳುವ ಮೊದಲು ವೇಳಾಪಟ್ಟಿ ಕೇಳಿ. ಆಟದ ಪೀರಿಯಡ್ಡಿನಲ್ಲಿ ನಿಜಕ್ಕೂ ಆಟವಿದೆಯೇ, ನಿಮ್ಮ ಮಗು ಆಡುತ್ತದೆಯೋ ನೋಡುತ್ತಾ ಕೂರುತ್ತದೆಯೋ ವಿಚಾರಿಸಿ. ಸಂಜೆ ಗೇಟು ತೆರೆದಿಡಲು ಜನ ಬೇಕೆಂದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಕೂತು ಪಾಳಿ ಹಾಕಿಕೊಳ್ಳಿ. ಹತ್ತನೇ ತರಗತಿಯ ಮಕ್ಕಳನ್ನೂ ದಿನಕ್ಕೊಂದು ಗಂಟೆ ಬಯಲಿಗೆ ಬಿಡಿ.